ಎರಡು ಬಸ್ಸುಗಳ ನಡುವೆ ಒಂದು ಮಹಾಪ್ರಬಂಧ

ಬಲಿಷ್ಠ ರಾಷ್ಟ್ರಗಳೆರಡು ಜಗಳಕ್ಕೆ ನಿಂತಾಗ ಸಣ್ಣ ರಾಷ್ಟ್ರ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ಅಜ್ಜಂಪುರ, ತರೀಕೆರೆ, ಕಡೂರು ಈ ಮೂರು ಊರುಗಳಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ಜಂಬದ ಮಾತಲ್ಲ. ಅದನ್ನು ತಿಳಿದುಕೊಳ್ಳಬೇಕೆಂದು ಈ ಮೂರು ಊರುಗಳಲ್ಲಿ ಬೇರೆ ಯಾರಿಗೂ ಅನ್ನಿಸಿಯೇ ಇರಲಿಲ್ಲ!

ಅಮೆರಿಕ ಒಂದು ಕಡೆ, ರಷ್ಯಾ ಇನ್ನೊಂದು ಕಡೆ ನಿಂತು ಒಬ್ಬರಿಗೊಬ್ಬರು ಬಾಂಬು ತೋರಿಸುತ್ತಿದ್ದ ಕಾಲ ಅದು. ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶವೊಂದು ಯಾರ ಹಿಂದೆಯೂ ಹೋಗದೆ, ಯಾರ ಮುಖವನ್ನೂ ಮುರಿಯದೆ ಬಾಳುವುದು ಹೇಗೆ? ಇದೇ ನನ್ನ ಡಾಕ್ಟರೇಟಿನ ವಿಷಯ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಅಲ್ಲಿನ ಗ್ರಂಥಾಲಯದ ಕುರ್ಚಿಯಲ್ಲಿ ನನ್ನ ಗುರುತು ಉಳಿಯುವಷ್ಟು ಕಾಲ ಕುಳಿತು, ಕೊನೆಯ ಅಧ್ಯಾಯವನ್ನು ಅಜ್ಜಂಪುರದ ನಮ್ಮ ಮನೆಯಲ್ಲಿ ಬರೆದು ಮುಗಿಸಿದ್ದೆ. ಒಟ್ಟು ಪ್ರಬಂಧದ ಸಾರ ನಾಲ್ಕನೆಯ ಅಧ್ಯಾಯದಲ್ಲಿತ್ತು. ಇಬ್ಬರ ಸಹಾಯವನ್ನೂ ಸಮನಾಗಿ ಸ್ವೀಕರಿಸಬೇಕು, ಇಬ್ಬರಲ್ಲಿ ಯಾರಿಗೂ ಸೇರಬಾರದು. ಹೀಗೆ ಮಾಡಿದರೆ ಇಬ್ಬರೂ ಸಂತೋಷವಾಗಿರುತ್ತಾರೆ. ಇದಕ್ಕೆ ಅಲಿಪ್ತ ನೀತಿ ಎಂದು ಹೆಸರು.

ನಮ್ಮಪ್ಪ ತೆಂಗಿನ ತೋಟ ನೋಡಿಕೊಂಡಿದ್ದವರು. ಯಾರಾದರೂ, "ನಿಮ್ಮ ಹುಡುಗ ಏನೋ ಓದ್ತಾವ್ನಂತಲ್ಲ, ಏನದು?" ಎಂದು ಕೇಳಿದರೆ ಮೀಸೆಯ ಮೇಲೆ ಕೈಯಾಡಿಸಿ, "ಅಮೆರಿಕಾಕ್ಕೂ ರಷ್ಯಾಕ್ಕೂ ರಾಜಿ ಮಾಡ್ಸೋ ಓದು" ಎನ್ನುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಈಗ ನಮ್ಮ ಕಡೆಯ ಎರಡು ಬಲಿಷ್ಠ ರಾಷ್ಟ್ರಗಳ ಪರಿಚಯ ಮಾಡಿಕೊಡಬೇಕು. ಅಜ್ಜಂಪುರದಿಂದ ತರೀಕೆರೆ, ಬೀರೂರುಗಳ ಮೇಲೆ ಕಡೂರಿಗೆ ಹೋಗುವ ಬಸ್ಸುಗಳು ಎರಡು. ಹಸಿರು ಬಸ್ಸು ಅಜ್ಜಂಪುರದ ಬಸಪ್ಪನವರದು. ಅವರು ನಮ್ಮಪ್ಪನ ಬಾಲ್ಯಸ್ನೇಹಿತರು, ನಾನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಕೆಂಪು ಬಸ್ಸು ಕಡೂರಿನ ರುದ್ರಪ್ಪನವರದು. ಅವರು ನನ್ನ ಹೆಂಡತಿ ಗಿರಿಜೆಗೆ ಸೋದರಮಾವ. ಎರಡೂ ಬಸ್ಸು ಬೆಳಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತಿದ್ದವು. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಏನಿದ್ದರೂ ಹಾರನ್ ಮೂಲಕ.

ಅವರ ಯುದ್ಧಕ್ಕೆ ಒಂದು ಧರ್ಮವಿತ್ತು. ನಮ್ಮ ಕಡೆ ಯಾರ ಬಸ್ಸಿನ ಟಾಪಿನ ಮೇಲೆ ಗಂಟು ಹೋಯಿತೋ, ಗಂಟಿನ ಯಜಮಾನ ಅವರವನು. ಆದ್ದರಿಂದ ಏಜೆಂಟರು ಪ್ರಯಾಣಿಕನ ಮುಖ ನೋಡುತ್ತಿರಲಿಲ್ಲ. ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಟಾಪಿಗೆ ಎಸೆಯುತ್ತಿದ್ದರು. ಒಮ್ಮೆ ಮೇಲೆ ಹೋದದ್ದು ಊರು ಬರುವವರೆಗೆ ಇಳಿಯುವಂತಿಲ್ಲ. ಮಾವನ ಮನೆಗೆ ಹೊರಟವನು ಛತ್ರಿಯೊಂದರ ದೆಸೆಯಿಂದ ಮನಸ್ಸಿಲ್ಲದ ಬಸ್ಸಿನಲ್ಲಿ ಹೋದದ್ದುಂಟು.

ಪ್ರಬಂಧವನ್ನು ಇನ್ನೆರಡು ದಿನದೊಳಗೆ ಮೈಸೂರಿನಲ್ಲಿ ಒಪ್ಪಿಸಬೇಕಾಗಿತ್ತು. ಒಮ್ಮೆ ಗಡುವು ಮುಂದೂಡಿಸಿಕೊಂಡಾಗಿತ್ತು. ನನ್ನ ಮಾರ್ಗದರ್ಶಕರು, "ಇನ್ನು ದೇವರೇ ಬಂದು ಕೇಳಿದರೂ ಇಲ್ಲ" ಎಂದು ಹೇಳಿದ್ದರು. ಕಡೂರಿನಲ್ಲಿ ಅತ್ತೆಯವರು ಹೋಳಿಗೆ ಊಟ ಹಾಕುವುದು, ಸಂಜೆ ಅಲ್ಲಿಂದ ರೈಲು ಹತ್ತಿ ಅರಸೀಕೆರೆಯಲ್ಲಿ ಬದಲಾಯಿಸಿ ಮೈಸೂರು ಸೇರುವುದು ಎಂದು ನಿಶ್ಚಯವಾಯಿತು. ಟೈಪು ಮಾಡಿಸಿ ರಟ್ಟು ಹಾಕಿಸಿದ ಪ್ರತಿಗಳು, ಅವುಗಳ ಕಾರ್ಬನ್ ಪ್ರತಿ, ನನ್ನ ಕೈಬರಹ, ಎಲ್ಲವನ್ನೂ ಒಂದೇ ಕಬ್ಬಿಣದ ಟ್ರಂಕಿಗೆ ತುಂಬಿದೆ. ಬೇರೆಬೇರೆ ಇಟ್ಟರೆ ಒಂದಾದರೂ ಕಳೆದುಹೋಗಬಹುದಲ್ಲ, ಅದಕ್ಕೆ!

ಸುದ್ದಿ ಹಬ್ಬಿತು. ಮೊದಲು ಬಂದವರು ಬಸಪ್ಪನವರು. ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ ವಿಚಾರಣೆ ಶುರುಮಾಡಿದರು.

"ಲೇ ಶಿವಲಿಂಗ, ನೀನು ತರೀಕೆರೆ ಹೈಸ್ಕೂಲಿಗೆ ಹೋಗ್ತಿದ್ದಿದ್ದು ಯಾರ ಬಸ್ಸಲ್ಲೋ?"

"ನಿಮ್ಮ ಬಸ್ಸಲ್ಲೇ ದೊಡ್ಡಪ್ಪ."

"ಒಂದಿನ ಟಿಕೆಟ್ ಕೇಳಿದ್ನೇನೋ?"

"ಇಲ್ಲ ದೊಡ್ಡಪ್ಪ."

"ಅಂಗಂದ್ಮೇಲೆ ನಿನ್ನ ಡಾಕ್ಟರು ಪುಸ್ತ್ಕ ನಮ್ಮ ಬಸ್ಸಲ್ಲೇ ಹೋಗ್ಬೇಕು ಕಣೋ. ಡ್ರೈವರ್ ಗೀವರ್ ಎಲ್ಲಾ ಬ್ಯಾಡ. ನಾನೇ ಸ್ಟೇರಿಂಗ್ ಹಿಡಿದು ಬತ್ತೀನಿ!"

ಅವರು ಎದ್ದುಹೋದ ಮೇಲೆ ರುದ್ರಪ್ಪನವರು ಬಂದರು.

"ಏನ್ ಅಳಿಯಂದ್ರೆ, ನಮ್ಮ ಹುಡುಗೀನ ಕೊಟ್ಟಿರೋದು ನಿಮ್ಗೆ. ಡಾಕ್ಟರೇಟು ಅಂದ್ರೆ ಅದ್ರಲ್ಲಿ ಅರ್ಧ ಕಡೂರಿಂದು. ಹೌದೋ ಅಲ್ವೋ?"

"ಹೌದು ಮಾವ."

"ಆ ಬಸಪ್ಪನ ಹಸಿರು ಡಬ್ಬದಲ್ಲಿ ನೀವು ಬಂದು ಇಳಿದ್ರೆ ನಾನು ಕಡೂರು ಸಂತೇಲಿ ತಲೆ ಎತ್ಕೊಂಡು ಓಡಾಡಂಗಿಲ್ಲ. ನಾನೇ ಬಸ್ಸು ಹೊಡ್ಕೊಂಡು ಬತ್ತೀನಿ. ಮುಂದಿನ ಸೀಟು ನಿಮ್ದು!"

ಇಬ್ಬರೂ ಸ್ಟೇರಿಂಗ್ ಮುಟ್ಟಿ ವರ್ಷಗಳಾಗಿದ್ದವು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ನನ್ನ ಮನಸ್ಸು ನಾಲ್ಕನೆಯ ಅಧ್ಯಾಯದಲ್ಲಿತ್ತು.

ಅಜ್ಜಂಪುರದಲ್ಲೇ ರೈಲು ನಿಲ್ದಾಣವಿದೆಯಲ್ಲ, ಅಲ್ಲೇ ಹತ್ತಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಗಿರಿಜೆಯೂ ಅದನ್ನೇ ಕೇಳಿದಳು.

"ಇಬ್ಬರಿಗೂ ಬೇಸರವಾಗುತ್ತದೆ ಗಿರಿಜಾ. ಇದು ವಿದೇಶಾಂಗ ನೀತಿ. ನಿನಗೆ ಅರ್ಥವಾಗುವುದಿಲ್ಲ."

"ಕಡೂರು ಯಾವತ್ತಿಂದ ವಿದೇಶ ಆಯ್ತು?" ಎಂದಳು.

ನಾನು ಶಾಂತವಾಗಿ ನನ್ನ ಯೋಜನೆಯನ್ನು ವಿವರಿಸಿದೆ. ಬಸಪ್ಪನವರ ಕಡೆಯವನಾದ ನಾನು ರುದ್ರಪ್ಪನವರ ಕೆಂಪು ಬಸ್ಸಿನಲ್ಲಿ ಕೂರುವುದು. ರುದ್ರಪ್ಪನವರ ಕಡೆಯವಳಾದ ಗಿರಿಜೆ ಟ್ರಂಕಿನೊಂದಿಗೆ ಬಸಪ್ಪನವರ ಹಸಿರು ಬಸ್ಸಿನಲ್ಲಿ ಕೂರುವುದು. ಇಬ್ಬರಿಗೂ ಸಮಾನ ಗೌರವ! ತಕ್ಕಡಿ ಒಂದು ಗುಲಗಂಜಿಯಷ್ಟೂ ಆ ಕಡೆ ಈ ಕಡೆ ವಾಲುವಂತಿಲ್ಲ.

ಅವಳು ಎದ್ದು ಟ್ರಂಕಿನ ಬೀಗ ಎಳೆದು ನೋಡಿದಳು. "ಆಗ್ಲಿ, ಟ್ರಂಕಿನ ಜೊತೆ ನಾನೇ ಇರ್ತೀನಿ. ನೀವು ಕಳೆದ್ಹೋದ್ರೆ ಯಾರಾದ್ರೂ ಹುಡುಕಿ ತಂದು ಬಿಡ್ತಾರೆ. ಟ್ರಂಕು ಕಳೆದ್ಹೋದ್ರೆ ಯಾರೂ ತಂದ್ಕೊಡಲ್ಲ" ಎಂದಳು.

ಮರುದಿನ ಬೆಳಗ್ಗೆ ಹಸಿರು ಬಸ್ಸಿನ ಟಾಪಿನ ಮೇಲೆ, ಎಲ್ಲಕ್ಕಿಂತ ಮುಂದೆ, ಊರವರಿಗೆಲ್ಲ ಕಾಣುವಂತೆ ಟ್ರಂಕನ್ನು ಇಟ್ಟು ಸೇವಂತಿಗೆ ಹಾರ ಹಾಕಿದರು. ಹಗ್ಗ ಬಿಗಿದರೆ ಹಾರ ನಲುಗುತ್ತದೆಂದು ಹಗ್ಗ ಹಾಕಲಿಲ್ಲ. ಗಿರಿಜೆ ಒಳಗೆ ಹತ್ತಿ ಕುಳಿತಳು. ನಾನು ಹೊಸ ಕೋಟು ತೊಟ್ಟು, ಎರಡೂ ಕಡೆಗೆ ಸಮನಾಗಿ ಕೈಮುಗಿದು, ಕೆಂಪು ಬಸ್ಸಿನ ಮುಂದಿನ ಸೀಟಿನಲ್ಲಿ ಆಸೀನನಾದೆ. ನಮ್ಮಪ್ಪ ನಡುವೆ ನಿಂತು ನೋಡುತ್ತಿದ್ದರು. ಆ ಕ್ಷಣ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಯಿತು. ಪುಸ್ತಕದಲ್ಲಿದ್ದದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಮಾಡಿ ತೋರಿಸಿದವರು ಎಷ್ಟು ಜನ?

ಆಗ ರುದ್ರಪ್ಪನವರು ಪಕ್ಕಕ್ಕೆ ತಿರುಗಿ ನೋಡಿದರು.

"ಅಳಿಯಂದ್ರೆ! ನಮ್ಮ ಗಿರಿಜೆ ಯಾಕೆ ಆ ಬಸ್ಸಲ್ಲವ್ಳೆ?"

ಅದೇ ಹೊತ್ತಿಗೆ ಆ ಕಡೆಯಿಂದ ಬಸಪ್ಪನವರ ಗುಡುಗು ಕೇಳಿಸಿತು. "ಲೇ, ನಮ್ಮ ಹುಡುಗನ್ನ ಆ ರುದ್ರ ಎಳ್ಕೊಂಡ್ಬಿಟ್ಟ ಕಣ್ರೋ!"

ನಾನು ನಾಲ್ಕನೆಯ ಅಧ್ಯಾಯವನ್ನು ವಿವರಿಸತೊಡಗಿದೆ. ಮೊದಲ ವಾಕ್ಯ ಮುಗಿಯುವುದರೊಳಗೆ ಎರಡು ಎಂಜಿನ್ನುಗಳೂ ಒಟ್ಟಿಗೆ ಕೂಗಿದವು. ಇಬ್ಬರಿಗೂ ಗೌರವ ಸಿಗಲೆಂದು ನಾನು ಮಾಡಿದ ಏರ್ಪಾಟು ಇಬ್ಬರ ಕಣ್ಣಿಗೂ ತಮ್ಮ ಮನೆಯವರ ಅಪಹರಣವಾಗಿ ಕಂಡಿತ್ತು!

ಆಮೇಲೆ ನಡೆದದ್ದನ್ನು ಪ್ರಯಾಣ ಎನ್ನುವುದು ಕಷ್ಟ. ಹಾದಿಯಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡು ಕೈತೋರಿಸಿದವರೆಲ್ಲ ನಮ್ಮ ಧೂಳಿನಲ್ಲಿ ಮಾಯವಾದರು. ಹಸಿರು ಮುಂದೆ, ಕೆಂಪು ಹಿಂದೆ. ಒಂದು ತಿರುವಿನಲ್ಲಿ ಕೆಂಪು ಮುಂದೆ, ಹಸಿರು ಹಿಂದೆ. ರುದ್ರಪ್ಪನವರು ಕನ್ನಡಕ ತೆಗೆದು ಜೇಬಿಗೆ ಇಟ್ಟರು.

"ಮಾವ, ಕನ್ನಡಕ?"

"ಅದನ್ನ ಹಾಕ್ಕಂಡ್ರೆ ಆ ಬಸಪ್ಪ ನಂಗೆ ವಯಸ್ಸಾಯ್ತು ಅಂದ್ಕಂತಾನೆ."

"ಮುಂದೆ ಎತ್ತಿನ ಗಾಡಿ ಮಾವ!"

"ಎಲ್ಲಿ?"

ಆ 'ಎಲ್ಲಿ' ಎಂಬ ಮಾತು ಈಗಲೂ ಕೆಲವೊಮ್ಮೆ ಊಟಕ್ಕೆ ಕುಳಿತಾಗ ನೆನಪಾಗಿ ಕೈಯಲ್ಲಿನ ತುತ್ತು ತಟ್ಟೆಗೆ ಬೀಳುತ್ತದೆ. ಗಾಡಿಯವನೇ ಎತ್ತುಗಳನ್ನು ಜಮೀನಿಗೆ ಇಳಿಸಿ ನಮ್ಮೆಲ್ಲರ ಪ್ರಾಣ ಉಳಿಸಿದ.

ತರೀಕೆರೆ ಬಂತು. ತರೀಕೆರೆ ಹೋಯಿತು. ನಮ್ಮ ಹಿಂದಿನ ಸೀಟಿನಲ್ಲಿದ್ದ, ರುಮಾಲು ಸುತ್ತಿದ ಯಜಮಾನರೊಬ್ಬರು ಅಲ್ಲಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿತ್ತು. "ತರೀಕೆರೆ ಹೋಯ್ತಲ್ರಪ್ಪೋ!" ಎಂದು ಅವರು ಎದ್ದು ನಿಂತು ಬಾಯಿ ಬಡಿದುಕೊಂಡರು.

"ಕಡೂರಲ್ಲೂ ಕೋರ್ಟೈತೆ, ಅಲ್ಲೇ ಹೇಳ್ಕಳಿ ಕೂತ್ಕಳಿ!" ಎಂದರು ರುದ್ರಪ್ಪನವರು, ರಸ್ತೆಯಿಂದ ಕಣ್ಣು ತೆಗೆಯದೆ. ಕಣ್ಣು ರಸ್ತೆಯ ಮೇಲಿತ್ತೇ ಹೊರತು ರಸ್ತೆ ಕಾಣುತ್ತಿತ್ತೇ ಎಂಬುದು ಬೇರೆ ಮಾತು.

ಬೀರೂರು ಸಮೀಪಿಸಿದಾಗ ಎರಡು ಬಸ್ಸುಗಳೂ ಅಕ್ಕಪಕ್ಕ ಓಡುತ್ತಿದ್ದವು. ನನ್ನ ಕಿಟಕಿಗೆ ಸರಿಯಾಗಿ ಗಿರಿಜೆಯ ಕಿಟಕಿ ಬಂತು. ಮದುವೆಯಾದ ಮೇಲೆ ನಾವಿಬ್ಬರು ಅಷ್ಟು ವೇಗದಲ್ಲಿ ಅಷ್ಟು ಹತ್ತಿರ ಎಂದೂ ಇರಲಿಲ್ಲ.

"ರೀ!" ಎಂದು ಕೂಗಿದಳು. "ಕೋಟಿನ ಗುಂಡಿ ಹಾಕ್ಕೊಳ್ಳಿ! ಗಾಳಿ!"

ನಾನು ಒಂದನ್ನೂ ಬಿಡದೆ ಎಲ್ಲ ಗುಂಡಿಗಳನ್ನೂ ಹಾಕಿಕೊಂಡೆ.

"ಅವರಿಗೆ ನಿಧಾನ ಅಂತ ಹೇಳು!" ಎಂದು ನಾನು ಕೂಗಿದೆ.

"ನೀವು ಮೊದ್ಲು ನಮ್ಮಾವನ್ಗೆ ಹೇಳಿ!"

ಹೇಳುವುದು ಹೇಗೆ? ಅಷ್ಟರಲ್ಲಿ ಬಸ್ಸಿನ ಜನರೆಲ್ಲ ಪಕ್ಷ ಕಟ್ಟಿಬಿಟ್ಟಿದ್ದರು. ಬೀರೂರಿನಲ್ಲಿ ಇಳಿಯಬೇಕಾಗಿದ್ದವರು ಅದನ್ನು ಮರೆತು, "ಇನ್ನೊಸಿ ಒತ್ರಿ! ಒತ್ರಿ!" ಎಂದು ಸೀಟು ಗುದ್ದುತ್ತಿದ್ದರು. ಸಾಕ್ಷಿ ಹೇಳಬೇಕಾಗಿದ್ದ ಯಜಮಾನರಂತೂ ರುಮಾಲು ಬಿಚ್ಚಿ ಬೀಸುತ್ತಾ, "ಬಿಡಬ್ಯಾಡಿ ರುದ್ರಪ್ನೋರೆ! ಆ ಹಸಿರಿನ ಮಗನ್ನ ಬಿಡಬ್ಯಾಡಿ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದರು. ನೆಮ್ಮದಿಯಾಗಿದ್ದ ರಾಷ್ಟ್ರಗಳು ಯಾಕೆ ಹೋಗಿ ಬಣ ಸೇರುತ್ತವೆ ಎಂಬುದಕ್ಕೆ ನಾನು ಪ್ರಬಂಧದಲ್ಲಿ ಅನೇಕ ಆರ್ಥಿಕ ಕಾರಣಗಳನ್ನು ಕೊಟ್ಟಿದ್ದೆ. ಅವೆಲ್ಲ ತಪ್ಪು ಎಂದು ಆಗ ಗೊತ್ತಾಯಿತು. ಮಜಾ ಬರುತ್ತದೆ, ಅದಕ್ಕೇ ಸೇರುತ್ತವೆ!

ಬೀರೂರು ದಾಟಿ ಕಡೂರಿನ ದಾರಿಯಲ್ಲಿ ರೈಲ್ವೆ ಗೇಟು. ಗೇಟಿನ ಕಂಬಿ ಅಡ್ಡ ಬಿದ್ದಿತ್ತು. ದೂರದಲ್ಲಿ ಗೂಡ್ಸ್ ಗಾಡಿಯ ಹೊಗೆ. ಹಸಿರು ನಿಶಾನೆ ಹಿಡಿದು ನಿಂತಿದ್ದ ಗೇಟಿನವನು ನಮ್ಮೆರಡು ಬಸ್ಸುಗಳು ಜೊತೆಯಾಗಿ ಬರುತ್ತಿದ್ದ ವೈಖರಿ ನೋಡಿ ನಿಶಾನೆಯನ್ನು ಕೆಳಗೆ ಹಾಕಿದ.

"ಮಾವ, ಗೇಟು!"

ಈ ಸಲ ಅವರು 'ಎಲ್ಲಿ' ಎನ್ನಲಿಲ್ಲ. ಬ್ರೇಕು ಒತ್ತಿ ಸ್ಟೇರಿಂಗ್ ತಿರುಗಿಸಿದರು. ಕೆಂಪು ಬಸ್ಸು ರಸ್ತೆ ಬಿಟ್ಟು ಚರಂಡಿಗೆ ಇಳಿದು, ಬಾಗಿಲಿದ್ದ ಮಗ್ಗುಲನ್ನು ದಿಣ್ಣೆಗೆ ಒರಗಿಸಿಕೊಂಡು ನಿಂತಿತು. ಹಸಿರು ಬಸ್ಸು ಗೇಟಿನ ಕಂಬಿಗೆ ಮೂಗು ತಾಗಿಸಿ ನಿಂತಿತು. ಎಲ್ಲರೂ ನಿಂತರು. ಟ್ರಂಕು ಮಾತ್ರ ನಿಲ್ಲಲಿಲ್ಲ!

ಸೇವಂತಿಗೆ ಹಾರದ ಸಮೇತ ನನ್ನ ಮಹಾಪ್ರಬಂಧ ಟಾಪಿನಿಂದ ಎದ್ದು, ಗೇಟಿನ ಮೇಲೆ ಹಾದು, ಹಳಿಗಳ ನಡುವೆ ಹೋಗಿ ಕುಳಿತುಕೊಂಡಿತು.

ಗೂಡ್ಸ್ ಗಾಡಿ ಕೂಗಿತು. ಗೇಟಿನವನು ಕೆಂಪು ನಿಶಾನೆ ಬಿಚ್ಚಿಕೊಂಡು ಅದರ ಕಡೆಗೆ ಓಡಿದ. ಗಿರಿಜೆ ಬಸ್ಸಿನಿಂದ ಹಾರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಕಂಬಿಯ ಕೆಳಗೆ ನುಸುಳಿದಳು. ಟ್ರಂಕು ಅವಳೊಬ್ಬಳ ಕೈಯಲ್ಲಿ ಅಲುಗಲಿಲ್ಲ. ಅಷ್ಟೊಂದು ಅಡಿಟಿಪ್ಪಣಿ ಯಾಕೆ ಬರೆದೆನೋ!

ಬಸಪ್ಪನವರು ತಮ್ಮ ಬಸ್ಸಿನಿಂದ, ರುದ್ರಪ್ಪನವರು ನಮ್ಮ ಬಸ್ಸಿನಿಂದ ಧುಮುಕಿ ಓಡಿದರು. ನನಗೆ ಜೀವ ಬಂದಂತಾಯಿತು. ಇಬ್ಬರೂ ಟ್ರಂಕಿನ ಒಂದೊಂದು ಹಿಡಿ ಹಿಡಿದರು. ಹಿಡಿದು, ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆಯತೊಡಗಿದರು.

"ಬಿಡೋ ರುದ್ರ! ನನ್ನ ಟಾಪಿನ ಮೇಲಿದ್ದ ಮಾಲು!"

"ನಿನ್ನ ಟಾಪು ಬಿಟ್ಟು ಬಂತಲ್ಲೋ! ಈಗ ಯಾರ್ದೂ ಅಲ್ಲ ಅದು!"

ಟ್ರಂಕು ಆ ಕಡೆಗೆ ಗೇಣು, ಈ ಕಡೆಗೆ ಗೇಣು ಆಡುತ್ತಿತ್ತು. ಗಾಡಿ ಕೂಗುತ್ತಲೇ ಇತ್ತು. ನಡುವೆ ನನ್ನ ಹೆಂಡತಿ.

ನಾನೇನು ಮಾಡುತ್ತಿದ್ದೆ? ರುದ್ರಪ್ಪನವರು ಇಳಿದ ಬಾಗಿಲು ತೆರೆದೇ ಇತ್ತು. ನಾನು ಅದರಲ್ಲಿ ನುಗ್ಗಲು ಹೋದೆ. ಕೋಟಿನ ಜೇಬು ಹ್ಯಾಂಡ್‌ಬ್ರೇಕಿಗೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಒಳ್ಳೆಯ ಬಟ್ಟೆ. ಆಗ ನಾನು ಕಿಟಕಿಯ ಸರಳು ಹಿಡಿದು, ಬದುಕಿನಲ್ಲಿ ಕಲಿತ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. "ಮಹನೀಯರೇ! ಶಾಂತಿಯುತ ಮಾತುಕತೆಯ ಮೂಲಕ..." ಎಂದು ಕೂಗಿದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿದ್ದು ಗಿರಿಜೆಯ ಧ್ವನಿ. ಅದು ಗಾಡಿಯ ಕೂಗನ್ನೂ ಮೀರಿತ್ತು.

"ಇಬ್ರೂ ನಿಂತಿರೋದು ರೈಲು ಕಂಬಿ ಮೇಲೆ! ಕಾಣಲ್ವಾ? ಕಡೂರು ಕಡೆ ಎಳೀರಿ, ಇಬ್ರೂ ಕಡೂರು ಕಡೆ!"

ಇಬ್ಬರೂ ತಲೆಯೆತ್ತಿ ಗಾಡಿ ನೋಡಿದರು. ಇಬ್ಬರೂ ಒಂದೇ ಕಡೆಗೆ ಎಳೆದರು. ಅಷ್ಟರಲ್ಲಿ ಎಂಜಿನ್ನು ನನ್ನ ಕಣ್ಣಿಗೆ ಅಡ್ಡ ಬಂತು.

ಆಮೇಲೆ ಬರೀ ಡಬ್ಬಿಗಳು. ಒಂದಾದ ಮೇಲೆ ಒಂದು. ಅವು ನಿಧಾನವಾಗುತ್ತಿದ್ದವು, ಆದರೆ ನಿಲ್ಲಲಿಲ್ಲ. ಅವುಗಳ ಆಚೆ ಗಿರಿಜೆ ಇದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಎರಡು ಡಬ್ಬಿಗಳ ಸಂದಿಯಲ್ಲಿ ಏನೋ ಹಳದಿ ಕಂಡಂತಾಯಿತು. ಅವಳ ಸೀರೆ ಹಳದಿ. ಸೇವಂತಿಗೆಯೂ ಹಳದಿ. ಆ ಗಾಡಿಯಷ್ಟು ಉದ್ದದ ಗಾಡಿಯನ್ನು ಭಾರತದ ರೈಲ್ವೆಯವರು ಆಮೇಲೆ ಓಡಿಸಿಲ್ಲ ಎಂದು ನನ್ನ ನಂಬಿಕೆ. ಪ್ರಬಂಧ ಹೋದರೆ ಹೋಗಲಿ, ಅಮೆರಿಕ ರಷ್ಯಾ ಎರಡೂ ಹಾಳಾಗಿ ಹೋಗಲಿ, ಅದು ಸೀರೆಯಾಗಿರಲಿ ಎಂದು ಬೇಡಿಕೊಂಡೆ. ನನ್ನ ಜೀವಮಾನದಲ್ಲಿ ನಾನು ಅಲಿಪ್ತನಾಗಿರದಿದ್ದ ಕ್ಷಣ ಅದೊಂದೇ.

ಗಾರ್ಡಿನ ಡಬ್ಬಿ ದಾಟಿತು. ಆಚೆ ಬದಿಯ ಹುಲ್ಲಿನ ಮೇಲೆ ಟ್ರಂಕು. ಟ್ರಂಕಿನ ಮೇಲೆ ಸಾಲಾಗಿ ಬಸಪ್ಪನವರು, ಗಿರಿಜೆ, ರುದ್ರಪ್ಪನವರು. ಮುದುಕರಿಬ್ಬರೂ ತಲೆ ತಗ್ಗಿಸಿ ಕುಳಿತಿದ್ದರು. ಅವಳು ನಡುವೆ ಕುಳಿತು ಇಬ್ಬರಿಗೂ ಬೈಯುತ್ತಿದ್ದಳು. ಸಮನಾಗಿ!

ಬೈದು ಮುಗಿದ ಮೇಲೆ ನನ್ನ ಕಡೆಗೆ ಬಂದಳು. ನಾನಿನ್ನೂ ಹ್ಯಾಂಡ್‌ಬ್ರೇಕಿಗೆ ಅಂಟಿಕೊಂಡೇ ಇದ್ದೆ.

"ಕೋಟು ಬಿಚ್ಚಿ ಇಳಿಯೋದಲ್ವೇನ್ರೀ?"

ನಿಜ. ಅದು ಹೊಳೆದಿರಲಿಲ್ಲ. "ಗುಂಡಿ ಹಾಕ್ಕೊಳ್ಳಿ ಅಂದವಳು ನೀನೇ" ಎಂದೆ.

"ಹಾಕ್ಕೊಳ್ಳಿ ಅಂದೆ. ಬಿಚ್ಚಲೇಬೇಡಿ ಅಂದ್ನಾ?" ಎಂದಳು. ಮೇಲಿನ ಗುಂಡಿಗೆ ಅವಳು ಕೈಹಾಕಿದಳು, ಕೆಳಗಿನದಕ್ಕೆ ನಾನು. ಇಬ್ಬರೂ ಸೇರಿ ಗುಂಡಿ ಬಿಚ್ಚಿದೆವು.

ಹಸಿರು ಬಸ್ಸಿಗೆ ಹಗ್ಗ ಕಟ್ಟಿ ಕೆಂಪು ಬಸ್ಸನ್ನು ಚರಂಡಿಯಿಂದ ಎಳೆದರು. ಒಳಗಿದ್ದವರೆಲ್ಲ ಕೆಳಗಿಳಿದು ಪಕ್ಷಭೇದವಿಲ್ಲದೆ ನೂಕಿದರು. ರುದ್ರಪ್ಪನವರು ಕನ್ನಡಕ ಹಾಕಿಕೊಂಡರು. "ವಯಸ್ಸಾಯ್ತಲ್ಲೋ ರುದ್ರ" ಎಂದರು ಬಸಪ್ಪನವರು. ಮಾತು ಬಿಟ್ಟಿದ್ದವರ ನಡುವೆ, ಕಂಬಿ ಮೇಲಿನ ಬೈಗುಳ ಬಿಟ್ಟರೆ, ಅದೇ ಮೊದಲ ಮಾತು. "ನಿಂಗೇನು ಹರೇಯ ಬಂದೈತಾ?" ಎಂದು ಇವರು ನಕ್ಕುಬಿಟ್ಟರು. ಕಡೂರಿನಲ್ಲಿ ಅತ್ತೆಯವರ ಹೋಳಿಗೆಯನ್ನು ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ತಿಂದರು. ಮೂಲೆ ನೆಗ್ಗಿದ ಟ್ರಂಕು ಸಂಜೆಯ ರೈಲು ಹತ್ತಿ, ಮರುದಿನ ಹೊತ್ತಿಗೆ ಸರಿಯಾಗಿ ಮೈಸೂರು ಸೇರಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ನನ್ನನ್ನು ದಿಟ್ಟಿಸಿ ನೋಡಿ, "ಎರಡು ಬಲಿಷ್ಠ ರಾಷ್ಟ್ರಗಳು ಒಂದೇ ವಸ್ತುವಿಗೆ ಕೈಹಾಕಿ ಎರಡು ಕಡೆಗೆ ಎಳೆದರೆ ಸಣ್ಣ ರಾಷ್ಟ್ರ ಏನು ಮಾಡಬೇಕು?" ಎಂದು ಕೇಳಿದರು. ನಾಲ್ಕನೆಯ ಅಧ್ಯಾಯದ ಉತ್ತರ ಬಾಯಿಯವರೆಗೆ ಬಂತು. ನುಂಗಿಕೊಂಡೆ.

"ತಾವಿಬ್ಬರೂ ನಿಂತಿರುವುದು ರೈಲು ಕಂಬಿಯ ಮೇಲೆ ಎಂದು ಮೊದಲು ನೆನಪಿಸಬೇಕು. ಆಮೇಲೆ ಇಬ್ಬರನ್ನೂ ಒಂದೇ ಕಡೆಗೆ ಎಳೆಯಲು ಹೇಳಬೇಕು. ಸ್ವಲ್ಪ ಗಟ್ಟಿಯಾಗಿ ಹೇಳಬೇಕು" ಎಂದೆ.

ಪರೀಕ್ಷಕರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಅದ್ಭುತ. ಇದು ಯಾರ ಸಿದ್ಧಾಂತ?"

"ಕಡೂರು ಕಡೆಯ ಒಬ್ಬ ಚಿಂತಕರದು" ಎಂದೆ.

ಡಾಕ್ಟರೇಟು ಬಂತು. ಅಜ್ಜಂಪುರದಲ್ಲಿ ಸನ್ಮಾನವನ್ನೂ ಮಾಡಿದರು. ಬಸಪ್ಪನವರೂ ರುದ್ರಪ್ಪನವರೂ ಜೊತೆಯಾಗಿ ಒಂದೇ ಹಾರ ಹಿಡಿದುಕೊಂಡು ವೇದಿಕೆಗೆ ಬಂದರು. ನಾನು ತಲೆ ಬಾಗಿಸಿದೆ. ಅವರು ನನ್ನನ್ನು ದಾಟಿ ಹೋಗಿ ಅದನ್ನು ಗಿರಿಜೆಯ ಕೈಗೆ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಬಾಗಿದ ತಲೆಯನ್ನು ಸುಮ್ಮನೆ ಎತ್ತುವುದು ಸರಿಯಲ್ಲವೆಂದು ನಾನು ಚಪ್ಪಲಿ ಸರಿಮಾಡಿಕೊಂಡೆ. ಆದರೂ ಹೇಳುತ್ತೇನೆ, ಆ ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

ಈಗಲೂ ಎರಡು ಹಾರನ್ ಒಟ್ಟಿಗೆ ಕೇಳಿಸಿದರೆ ನನ್ನ ಕೈ ತಾನಾಗಿ ಕೋಟಿನ ಗುಂಡಿಗೆ ಹೋಗುತ್ತದೆ. ಗಿರಿಜೆ ದಾರಿಯಲ್ಲಿ ಎಲ್ಲಿ ಕೈತೋರಿಸಿದರೂ ಎರಡು ಬಸ್ಸುಗಳೂ ನಿಲ್ಲುತ್ತವೆ. ನಾನು ಕೈತೋರಿಸಿದರೆ ಒಂದೂ ನಿಲ್ಲುವುದಿಲ್ಲ. ಹತ್ತಿಸಿಕೊಂಡರೆ ಇನ್ನೊಬ್ಬರಿಗೆ ಬೇಸರವಾದೀತು ಎಂದು ಹಸಿರೂ ಕೆಂಪೂ ನನಗೆ ಸಮನಾಗಿ ಧೂಳೆರಚಿ ಮುಂದೆ ಹೋಗುತ್ತವೆ. ನನ್ನ ವಿಷಯದಲ್ಲಿ ಇಬ್ಬರೂ ಅಲಿಪ್ತ ನೀತಿ ಪಾಲಿಸುತ್ತಿದ್ದಾರೆ!

ಆದ್ದರಿಂದ ಕಡೂರಿಗೆ ಹೋಗಬೇಕಾದಾಗ ನಾನು ಅಜ್ಜಂಪುರದಲ್ಲೇ ರೈಲು ಹತ್ತುತ್ತೇನೆ.